ಚಾವಿ ಕೊಡುವ ವಾಚು: ಉಪ್ಪುಗಾಳಿಯ ಊರಿನಲ್ಲಿ ಕೊಳ್ಳುವ ಮುನ್ನ

ಸಮಯ ತಿಳಿಯಲು ವಾಚು ಕಟ್ಟಲೇಬೇಕೆಂಬ ಅನಿವಾರ್ಯತೆ ಮೊಬೈಲ್ ಫೋನಿನೊಂದಿಗೆ ಮುಗಿಯಿತು. ಆದರೂ ಸೆಲ್ ಇಲ್ಲದೆ, ಚಾರ್ಜಿಂಗ್ ಇಲ್ಲದೆ, ಬರೀ ಒಂದು ಉಕ್ಕಿನ ಸುರುಳಿಯ ಬಲದಿಂದ ಓಡುವ ಚಾವಿಯ ವಾಚಿಗೆ ಮತ್ತೆ ಬೇಡಿಕೆ ಬಂದಿದೆ. ತಾತನ ಪೆಟ್ಟಿಗೆಯಿಂದ ಎಚ್‌ಎಂಟಿ ಜನತಾ ಹೊರಬರುತ್ತಿದೆ. ದುಬೈಯಿಂದ ಬಂದ ಹಳೆಯ ಸೀಕೊ ಮಗನ ಕೈ ಸೇರುತ್ತಿದೆ. ಮೊದಲ ಸಂಬಳದಲ್ಲಿ ಆಟೊಮ್ಯಾಟಿಕ್ ವಾಚು ಕೊಳ್ಳಬೇಕೆಂದು ಹೊರಡುವ ಯುವಕರೂ ಇದ್ದಾರೆ. ಇವರೆಲ್ಲರ ಮುಂದಿರುವ ಪ್ರಶ್ನೆ ಒಂದೇ: ಯಾವುದನ್ನು ಕೊಳ್ಳುವುದು?

ಈ ಪ್ರಶ್ನೆಗೆ ಬೆಂಗಳೂರಿನ ಹವಾನಿಯಂತ್ರಿತ ಮಳಿಗೆಯಲ್ಲಿ ಸಿಗುವ ಉತ್ತರವು ಭಟ್ಕಳ, ಹೊನ್ನಾವರ, ಕುಮಟಾಗಳಿಗೆ ಹೊಂದುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಬೇಸಿಗೆಯಲ್ಲಿ ಅಂಗಿ ಒಣಗದಷ್ಟು ಬೆವರಿಳಿಯುವ, ಗಾಳಿಯಲ್ಲೇ ಉಪ್ಪಿರುವ ಈ ಪಟ್ಟಿಯಲ್ಲಿ ವಾಚಿನ ಮೊದಲ ಶತ್ರು ತೇವಾಂಶ. ಎರಡನೆಯ ಶತ್ರು, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳ ಕೊರತೆ. ಹಾಗಾಗಿ ಇಲ್ಲಿನ ಗ್ರಾಹಕರು ಬ್ರಾಂಡಿನ ಹೆಸರಿಗಿಂತ ಮೊದಲು ಎರಡು ಸಂಗತಿಗಳನ್ನು ವಿಚಾರಿಸಬೇಕು: ನೀರು ಒಳಹೋಗದಂತೆ ಏನು ವ್ಯವಸ್ಥೆಯಿದೆ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ.

ಒಳಗೆ ನಡೆಯುವುದೇನು

ಪಕ್ಕದ ಚಾವಿಯನ್ನು ತಿರುಗಿಸಿದಾಗ ಒಳಗಿನ ಡಬ್ಬಿಯೊಂದರಲ್ಲಿ ಉಕ್ಕಿನ ಪಟ್ಟಿ ಸುರುಳಿಯಾಗಿ ಬಿಗಿಯುತ್ತದೆ. ಅದು ಬಿಚ್ಚಿಕೊಳ್ಳಲು ಹವಣಿಸುವ ಬಲವೇ ಹಲ್ಲುಚಕ್ರಗಳ ಸಾಲನ್ನು ತಿರುಗಿಸುವುದು. ತಡೆಯಿಲ್ಲದಿದ್ದರೆ ಈ ಸುರುಳಿ ಕ್ಷಣಮಾತ್ರದಲ್ಲಿ ಬಿಚ್ಚಿಹೋಗುತ್ತಿತ್ತು. ಅದನ್ನು ತಡೆದು, ಹನಿಹನಿಯಾಗಿ ಬಿಡುವ ಕೆಲಸ ಬ್ಯಾಲೆನ್ಸ್ ಚಕ್ರದ್ದು. ಕೂದಲೆಳೆಯಂಥ ಸ್ಪ್ರಿಂಗಿಗೆ ಜೋತುಬಿದ್ದು ಅದು ಅತ್ತಿತ್ತ ತೂಗುತ್ತದೆ. ಪ್ರತಿ ತೂಗಿಗೂ ಒಂದು ಹಲ್ಲು ಮುಂದೆ ಸರಿಯುತ್ತದೆ. ನಮಗೆ ಕೇಳಿಸುವ ಟಿಕ್ ಟಿಕ್ ಈ ತಡೆ-ಬಿಡುವಿನ ಸದ್ದು.

ಹಳೆಯ ಎಚ್‌ಎಂಟಿ ಜನತಾದಲ್ಲಿ ಈ ಮಿಡಿತ ಗಂಟೆಗೆ 18,000, ಅಂದರೆ ಸೆಕೆಂಡಿಗೆ 5. ಒಂದು ದಿನಕ್ಕೆ 4,32,000. ದಿನಕ್ಕೆ ಅರ್ಧ ನಿಮಿಷ ತಪ್ಪಿದರೂ ಅದು ಶೇ. 0.04ಕ್ಕಿಂತ ಕಡಿಮೆ ತಪ್ಪು. ಉಗುರಿನಷ್ಟು ಜಾಗದಲ್ಲಿ ಉಕ್ಕು, ಹಿತ್ತಾಳೆ ಮತ್ತು ಒಂದೆರಡು ಹನಿ ಎಣ್ಣೆ ಮಾತ್ರದಿಂದ ಸಾಧಿಸಿದ ಈ ನಿಖರತೆಯೇ ಚಾವಿಯ ವಾಚಿನ ಆಕರ್ಷಣೆಯ ಮೂಲ ಎನ್ನಬಹುದು. ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುವುದರಿಂದ ಅದು ತಿಂಗಳಿಗೆ 15-20 ಸೆಕೆಂಡು ಮಾತ್ರ ತಪ್ಪುತ್ತದೆ. ಬರೀ ನಿಖರತೆ ಬೇಕಾದವರು ಇಲ್ಲಿಯೇ ಓದು ನಿಲ್ಲಿಸಿ ಕ್ವಾರ್ಟ್ಜ್ ಕೊಳ್ಳುವುದು ಲೇಸು. ಕೊಂಕಣ ರೈಲನ್ನು ಹಿಡಿಯಲು ಎರಡೂ ಸಾಕು.

ಆಟೊಮ್ಯಾಟಿಕ್ ಎಂಬುದು ಬೇರೆ ಜಾತಿಯೇನಲ್ಲ. ಅದೇ ಸುರುಳಿಯನ್ನು ಕೈಯ ಚಲನೆಗೆ ತಿರುಗುವ ಅರ್ಧಚಂದ್ರಾಕಾರದ ಲೋಹದ ತೂಕವೊಂದು ಬಿಗಿಯುತ್ತದೆ, ಅಷ್ಟೆ. ದಿನವೂ ಕಟ್ಟುವವರಿಗೆ ಇದು ಅನುಕೂಲ. ವಾರಕ್ಕೊಮ್ಮೆ ಕಟ್ಟುವವರಿಗೆ ಚಾವಿಯ ವಾಚೇ ವಾಸಿ. ಎರಡೂ ಬಹುಮಟ್ಟಿಗೆ 40 ಗಂಟೆಯ ಆಸುಪಾಸಿನಲ್ಲಿ ನಿಂತುಹೋಗುತ್ತವೆ.

ವಾಚಿನ ಮೇಲೆ ಬರೆದಿರುವ '17 ಜ್ಯುವೆಲ್ಸ್' ನೋಡಿ ಒಳಗೆ ಬೆಲೆಬಾಳುವ ಕಲ್ಲುಗಳಿವೆಯೆಂದು ಭಾವಿಸುವವರು ಇಂದಿಗೂ ಇದ್ದಾರೆ. ಅವು ಕೃತಕ ಮಾಣಿಕ್ಯದ ತುಣುಕುಗಳು. ಚಕ್ರಗಳ ಅಚ್ಚು ಸವೆಯದಂತೆ ಕೂರಿಸಿದ ಬೇರಿಂಗುಗಳು. ಚಾವಿಯ ವಾಚಿಗೆ 17 ಇದ್ದರೆ ಸಾಕಷ್ಟಾಯಿತು. ಇಪ್ಪತ್ತೈದು ಕಲ್ಲಿನದು ಹದಿನೇಳರದಕ್ಕಿಂತ ಉತ್ತಮ ಎಂಬ ವಾದ ಮಾರುವವರದು.

ಕನ್ನಡ ನೆಲದ ವಾಚು

ಕರ್ನಾಟಕದಲ್ಲಿ ಚಾವಿಯ ವಾಚಿನ ಮಾತು ಎಚ್‌ಎಂಟಿಯಿಲ್ಲದೆ ಪೂರ್ಣವಾಗದು. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳ ತಯಾರಿಕೆಗೆಂದು ಹುಟ್ಟಿದ ಸರಕಾರಿ ಸ್ವಾಮ್ಯದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. ಅದುವರೆಗೆ ವಾಚೆಂದರೆ ವಿದೇಶಿ ಸರಕು. ಫಾವ್ರ್ ಲ್ಯೂಬಾ, ವೆಸ್ಟ್ ಎಂಡ್‌ಗಳಂಥ ಸ್ವಿಸ್ ಹೆಸರುಗಳು ಉಳ್ಳವರ ಮಣಿಕಟ್ಟಿನಲ್ಲಿದ್ದವು. ದೇಶದ ಪಶ್ಚಿಮ ಕರಾವಳಿಯುದ್ದಕ್ಕೂ ಚಿನ್ನದ ಜೊತೆಗೆ ವಾಚೂ ಕಳ್ಳಸಾಗಣೆಯ ಪ್ರಮುಖ ವಸ್ತುವಾಗಿತ್ತು. ಆ ಸ್ಥಿತಿಯಲ್ಲಿ ಗುಮಾಸ್ತ, ಮೇಷ್ಟ್ರು, ಬಸ್ ಕಂಡಕ್ಟರ್ ಕೊಳ್ಳಬಹುದಾದ ವಾಚೊಂದನ್ನು ಬೆಂಗಳೂರು ಕೊಟ್ಟಿತು. ಸೂಕ್ಷ್ಮ ಜೋಡಣೆಯ ಕೆಲಸಕ್ಕೆ ಮಹಿಳೆಯರನ್ನು ದೊಡ್ಡ ಪ್ರಮಾಣದಲ್ಲಿ ನೇಮಿಸಿಕೊಂಡ ಕಾರ್ಖಾನೆಯೂ ಅದಾಗಿತ್ತು. 1978ರಲ್ಲಿ ತುಮಕೂರಿನಲ್ಲಿ ಮತ್ತೊಂದು ಘಟಕ ಬಂತು.

ಜನತಾ, ಕಪ್ಪು ಮುಖದ ಪೈಲಟ್, ತೆಳ್ಳಗಿನ ಸೋನಾ, ಸೈನಿಕರ ಜವಾನ್, ಆಟೊಮ್ಯಾಟಿಕ್ ಕಾಂಚನ್, ಅಂಧರು ಮುಳ್ಳುಗಳನ್ನು ಮುಟ್ಟಿ ಸಮಯ ತಿಳಿಯಬಲ್ಲ ಬ್ರೈಲ್ ವಾಚು: ಈ ಹೆಸರುಗಳು ಒಂದು ತಲೆಮಾರಿಗೆ ಮನೆಮಾತು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ವರೋಪಚಾರದಲ್ಲಿ ಅಳಿಯನಿಗೆ, ನಿವೃತ್ತರಾಗುವ ಮುಖ್ಯೋಪಾಧ್ಯಾಯರಿಗೆ ಕೊಡುವ ಉಡುಗೊರೆ ಎಚ್‌ಎಂಟಿಯೇ ಆಗಿತ್ತು.

ಹಣೆಬರಹ ಬದಲಾದದ್ದು ಕ್ವಾರ್ಟ್ಜ್‌ನಿಂದ. 1984ರಲ್ಲಿ ಟಾಟಾ ಸಮೂಹ ಹಾಗೂ ತಮಿಳುನಾಡು ಸರಕಾರದ ಕೈಗಾರಿಕಾ ನಿಗಮ ಕೂಡಿ ಸ್ಥಾಪಿಸಿದ ಟೈಟಾನ್, ಗಡಿಯಾಚೆಯ ಹೊಸೂರಿನಿಂದ ಕ್ವಾರ್ಟ್ಜ್ ವಾಚುಗಳನ್ನು ಮಾರುಕಟ್ಟೆಗಿಳಿಸಿತು. ತೆಳುವಾದ, ಚೆಂದದ, ಚಾವಿ ಬೇಡದ ಆ ವಾಚಿನ ಮುಂದೆ ಎಚ್‌ಎಂಟಿ ತಡವರಿಸಿತು. ವರ್ಷಗಳ ನಷ್ಟದ ನಂತರ 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ವಿಚಿತ್ರವೆಂದರೆ ಮುಚ್ಚುವ ಸುದ್ದಿಯೇ ಬೇಡಿಕೆಯನ್ನು ಹುಟ್ಟಿಸಿತು. ಉಳಿದ ದಾಸ್ತಾನಿಗೆ ಜನ ಮುಗಿಬಿದ್ದರು. ಮಾತೃಸಂಸ್ಥೆಯಾದ ಎಚ್‌ಎಂಟಿ ಲಿಮಿಟೆಡ್ ತನ್ನ ಹೆಸರಿನಲ್ಲಿ ವಾಚು ಮಾರಾಟವನ್ನು ಮುಂದುವರಿಸಿದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಪಾರಂಪರಿಕ ಕೇಂದ್ರದಲ್ಲಿ ಹಳೆಯ ಮಾದರಿಗಳನ್ನು ಒಟ್ಟಿಗೆ ನೋಡಬಹುದು. ಹಳೆಯ ಎಚ್‌ಎಂಟಿ ಕೊಳ್ಳುವ ಇಚ್ಛೆಯುಳ್ಳವರು ಒಮ್ಮೆ ಅಲ್ಲಿಗೆ ಹೋಗಿಬರುವುದು ಒಳ್ಳೆಯದು. ಅದಕ್ಕೆ ಕಾರಣವಿದೆ.

ಹಳೆಯದೆಂದು ಹೊಸ ಬಣ್ಣ

ಅಂತರ್ಜಾಲದಲ್ಲಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮಿರಿಮಿರಿ ಮಿಂಚುವ 'ಹಳೆಯ' ಎಚ್‌ಎಂಟಿಗಳು ಧಾರಾಳವಾಗಿ ಸಿಗುತ್ತವೆ. ಕೇಸರಿ, ಗಿಳಿಹಸಿರು, ಗುಲಾಬಿ ಬಣ್ಣದ ಡಯಲ್, ಅದರ ಮೇಲೆ ಒಂದೂ ಕಲೆಯಿಲ್ಲ. ನಲವತ್ತು ವರ್ಷ ಬಳಸಿದ ವಾಚು ಹಾಗಿರಲು ಸಾಧ್ಯವಿಲ್ಲ ಎಂಬ ಸಾಮಾನ್ಯ ವಿವೇಕವೇ ಇಲ್ಲಿ ಮೊದಲ ಪರೀಕ್ಷೆ. ಹಲವು ಕೆಟ್ಟ ವಾಚುಗಳ ಭಾಗಗಳನ್ನು ಒಟ್ಟುಗೂಡಿಸಿ, ಡಯಲಿಗೆ ಹೊಸ ಬಣ್ಣ ಬಳಿದು, ಅಕ್ಷರ ಮುದ್ರಿಸಿ ಮಾರುವ ದಂಧೆ ದೊಡ್ಡದು. ಇಂಥವು ಕೆಲವು ತಿಂಗಳು ಓಡುವುದುಂಟು. ಆದರೆ ಎಚ್‌ಎಂಟಿ ಎಂದು ಕೊಟ್ಟ ಹಣಕ್ಕೆ ಎಚ್‌ಎಂಟಿ ಬಂದಿಲ್ಲ.

ನೋಡಬೇಕಾದದ್ದು ಮೊದಲು ಅಕ್ಷರಗಳ ಅಂಚನ್ನು. ಕಾರ್ಖಾನೆಯ ಮುದ್ರಣ ಭೂತಗನ್ನಡಿಯಲ್ಲೂ ಚೊಕ್ಕವಾಗಿರುತ್ತದೆ. ಮರುಮುದ್ರಣದಲ್ಲಿ ಶಾಯಿ ಹರಡಿರುತ್ತದೆ, ಗಂಟೆಯ ಗೆರೆ ಮತ್ತು ನಿಮಿಷದ ಚುಕ್ಕೆ ಒಂದಕ್ಕೊಂದು ಸೇರುವುದಿಲ್ಲ. ಮುಳ್ಳುಗಳು ಡಯಲಿಗೆ ತಕ್ಕ ಉದ್ದವಿವೆಯೇ ನೋಡಿ. ಹಿಂಬದಿ ಮುಚ್ಚಳ ತೆಗೆಸಿ ಒಳಗಿನ ಮಷಿನಿನ ಮೇಲೆ ಎಚ್‌ಎಂಟಿ ಮುದ್ರೆಯಿದೆಯೇ, ತುಕ್ಕಿದೆಯೇ, ತಿರುಪುಗಳ ತಲೆ ಜಜ್ಜಿಹೋಗಿದೆಯೇ ಪರಿಶೀಲಿಸಿ. ಮುಚ್ಚಳ ತೆಗೆಯಲು ಅಥವಾ ಒಳಗಿನ ಚಿತ್ರ ಕಳಿಸಲು ಒಪ್ಪದವರಿಂದ ಕೊಳ್ಳಬಾರದು. ಇದರಲ್ಲಿ ದಾಕ್ಷಿಣ್ಯ ಬೇಡ.

ಆದರೆ ಮನೆಯಲ್ಲೇ ಇರುವ ವಾಚಿನ ವಿಚಾರ ಬೇರೆ. ಅಜ್ಜನ ಜನತಾ ನಿಂತುಹೋಗಿದ್ದರೆ ಹೊಸದನ್ನು ಕೊಳ್ಳುವ ಮೊದಲು ಅದನ್ನು ರಿಪೇರಿಗೆ ಕೊಡಿ. ಎಷ್ಟೋ ಬಾರಿ ಆಗಿರುವುದು ಒಣಗಿದ ಎಣ್ಣೆಯ ತೊಂದರೆ ಮಾತ್ರ. ಡಯಲ್ ಹಳದಿಗಟ್ಟಿದೆ, ಹೊಸ ಬಣ್ಣ ಹಾಕಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಗಾಜಿನ ಗೀರುಗಳು ಹೋಗುತ್ತವೆ. ಅದು ಅಕ್ರಿಲಿಕ್ ಆದ್ದರಿಂದ ಟೂತ್‌ಪೇಸ್ಟ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಸಾಕಷ್ಟು ತಿಳಿಯಾಗುತ್ತದೆ.

ಕೊಲ್ಲಿಯಿಂದ ಬಂದ ಸೀಕೊ

ಭಟ್ಕಳದ ಕತೆ ಇದಕ್ಕಿಂತ ಭಿನ್ನ. ಇಲ್ಲಿನ ನವಾಯತ ಕುಟುಂಬಗಳ ದುಡಿಮೆ ದುಬೈ, ಸೌದಿ ಅರೇಬಿಯಾಗಳೊಂದಿಗೆ ದಶಕಗಳಿಂದ ಹೆಣೆದುಕೊಂಡಿದೆ. ಕೊಲ್ಲಿಯಿಂದ ಬರುವವರ ಪೆಟ್ಟಿಗೆಯಲ್ಲಿ ಅತ್ತರು, ಖರ್ಜೂರದ ಜೊತೆ ಜಪಾನಿ ವಾಚೂ ಇರುತ್ತಿತ್ತು. ಅದರಲ್ಲಿ ಮುಖ್ಯವಾದದ್ದು 1963ರಲ್ಲಿ ಆರಂಭವಾದ ಸೀಕೊ 5 ಸರಣಿ. ಉಕ್ಕಿನ ಕವಚ, ತಾನೇ ಚಾವಿಗೊಳ್ಳುವ ಮಷಿನ್, ವಾರ ಮತ್ತು ತಾರೀಕು, ನೀರಿನಿಂದ ತಕ್ಕ ಮಟ್ಟಿನ ರಕ್ಷಣೆ. ಕೊಲ್ಲಿ ಮಾರುಕಟ್ಟೆಯ ಸೀಕೊ 5 ಗುರುತಿಸುವುದು ಸುಲಭ: ವಾರದ ಹೆಸರು ಒಮ್ಮೆ ಇಂಗ್ಲಿಷಿನಲ್ಲೂ ಒಮ್ಮೆ ಅರಬಿಯಲ್ಲೂ ಬರುತ್ತದೆ. ಚಾವಿಯನ್ನು ತುಸು ಎಳೆದು ತಿರುಗಿಸಿದರೆ ಎರಡೂ ಕಾಣುತ್ತವೆ.

ಈ ಹಳೆಯ ಸೀಕೊಗಳು ಕರಾವಳಿಗೆ ಹೇಳಿ ಮಾಡಿಸಿದಂಥವು ಎಂದರೆ ಉತ್ಪ್ರೇಕ್ಷೆಯಲ್ಲ. 7ಎಸ್26 ಎಂಬ ಮಷಿನ್ ಇರುವವು ವರ್ಷಗಟ್ಟಲೆ ನಿರ್ಲಕ್ಷ್ಯವನ್ನು ಸಹಿಸುತ್ತವೆ, ಬಿಡಿಭಾಗ ಸಿಗುತ್ತದೆ. ಕೊರತೆ ಎರಡು: ಕೈಯಿಂದ ಚಾವಿ ಕೊಡಲಾಗದು; ಸಮಯ ಹೊಂದಿಸುವಾಗ ಸೆಕೆಂಡಿನ ಮುಳ್ಳು ನಿಲ್ಲದು. 2019ರಲ್ಲಿ ಬಂದ ಹೊಸ ಸೀಕೊ 5 ಸ್ಪೋರ್ಟ್ಸ್ ಸರಣಿಯ 4ಆರ್36 ಮಷಿನಿನಲ್ಲಿ ಇವೆರಡೂ ಸೌಲಭ್ಯಗಳಿವೆ, ಬೆಲೆಯೂ ಹಾಗೆಯೇ ಏರಿದೆ. ಕೊಲ್ಲಿಯಲ್ಲಿರುವ ಸಂಬಂಧಿಕರ ಮೂಲಕ ತರಿಸುವವರು ಅಂಗಡಿಯ ಮೊಹರಿರುವ ಖಾತರಿ ಪತ್ರ ಕೇಳಿ ತರಿಸಬೇಕು. ಅದು ಭಾರತದಲ್ಲಿ ಸಲ್ಲುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಅಲ್ಲಿ ಉಳಿಸಿದ ಹಣ ಇಲ್ಲಿ ಒಂದೇ ರಿಪೇರಿಗೆ ಹೋದರೆ ಏನು ಬಂತು?

ನೀರು, ಬೆವರು, ಉಪ್ಪು

ವಾಚಿನ ಮೇಲಿನ '30 ಮೀಟರ್' ಎಂಬ ಬರಹದಷ್ಟು ಜನರನ್ನು ದಾರಿ ತಪ್ಪಿಸಿದ್ದು ಬೇರೊಂದಿಲ್ಲ. ಅದರರ್ಥ ಮೂವತ್ತು ಮೀಟರ್ ಆಳಕ್ಕೆ ಮುಳುಗಬಹುದು ಎಂದಲ್ಲ. ಪ್ರಯೋಗಾಲಯದಲ್ಲಿ, ನಿಶ್ಚಲ ಸ್ಥಿತಿಯಲ್ಲಿ, ಹೊಸ ವಾಚು ಅಷ್ಟು ಒತ್ತಡವನ್ನು ತಾಳಿತು ಎಂದಷ್ಟೆ. ನಿತ್ಯದ ಬಳಕೆಯಲ್ಲಿ 30 ಮೀಟರ್ ಎಂದರೆ ಮುಖ ತೊಳೆಯುವಾಗಿನ ಸಿಡಿತ, ತುಂತುರು ಮಳೆ. ಜೂನ್-ಜುಲೈಯಲ್ಲಿ ಹೊನ್ನಾವರದ ರಸ್ತೆಯಲ್ಲಿ ಬೈಕ್ ಓಡಿಸುವವರಿಗೆ 50 ಮೀಟರ್ ಕನಿಷ್ಠ, 100 ಮೀಟರ್ ನೆಮ್ಮದಿ. ಕಾಸರಕೋಡ ಕಡಲತೀರದಲ್ಲಿ ಈಜಲು 100 ಮೀಟರ್ ಬೇಕು. ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುವವರು ಐಎಸ್‌ಒ 6425 ಮಾನದಂಡದ ಡೈವರ್ ವಾಚನ್ನೇ ಆರಿಸಬೇಕು. ಅದರಲ್ಲಿ ಚಾವಿಯನ್ನು ತಿರುಪಿನಂತೆ ಬಿಗಿಯುವ ವ್ಯವಸ್ಥೆ ಸಾಮಾನ್ಯ. ಬಿಗಿಯಲು ಮರೆತರೆ ಅದೂ ಅಷ್ಟೆ.

ನೀರನ್ನು ತಡೆಯುವುದು ಹಿಂಬದಿ ಮುಚ್ಚಳ ಮತ್ತು ಚಾವಿಯ ಬುಡದಲ್ಲಿರುವ ರಬ್ಬರ್ ವಾಷರುಗಳು. ಅವು ಗಟ್ಟಿಯಾಗುತ್ತವೆ, ಬಿರಿಯುತ್ತವೆ. ಹತ್ತು ವರ್ಷದ ಹಿಂದೆ 100 ಮೀಟರ್ ತಾಳುತ್ತಿದ್ದ ವಾಚು ಇಂದು ಕೈತೊಳೆಯುವ ನೀರನ್ನೂ ತಾಳದಿರಬಹುದು. ಮುಚ್ಚಳ ತೆಗೆದಾಗಲೆಲ್ಲ ವಾಷರ್ ನೋಡಿ ಬದಲಿಸಲು ಹೇಳಬೇಕು. ಇದು ಕೆಲವೇ ರೂಪಾಯಿಯ ವಸ್ತು. ಇದನ್ನು ಬದಲಿಸದೆ ಕೆಟ್ಟ ವಾಚುಗಳಿಗೆ ಲೆಕ್ಕವಿಲ್ಲ. ಅಜ್ಜನ ಎಚ್‌ಎಂಟಿಯ ವಿಷಯದಲ್ಲಂತೂ ಅದು ನೀರಿಗೆ ಹೆದರುವ ವಾಚೆಂದೇ ತಿಳಿದು ಮಳೆಗಾಲದಲ್ಲಿ ಮನೆಯಲ್ಲಿಡುವುದು ಕ್ಷೇಮ.

ಬೆವರು ಮಳೆಗಿಂತ ಮೋಸದ್ದು. ಹಿತ್ತಾಳೆಯ ಮೇಲೆ ಕ್ರೋಮ್ ಅಥವಾ ಚಿನ್ನದ ಲೇಪವಿರುವ ಕವಚದಲ್ಲಿ ಬೆವರು ತಾಗುವ ಕಡೆಯೇ ಮೊದಲು ಲೇಪ ಏಳುತ್ತದೆ, ಹಸಿರು ಕಿಲುಬು ಕಟ್ಟುತ್ತದೆ. ಕರಾವಳಿಯವರು ಪೂರ್ಣ ಉಕ್ಕಿನ ಕವಚವಿರುವ ವಾಚನ್ನೇ ಕೇಳಬೇಕು. 316ಎಲ್ ಎಂದು ಬರೆದಿದ್ದರೆ ಒಳ್ಳೆಯದು. ಚರ್ಮದ ಬೆಲ್ಟು ಮುಂಗಾರಿನಲ್ಲಿ ಬೂಷ್ಟು ಹಿಡಿಯುತ್ತದೆ. ಉಕ್ಕಿನ ಚೈನು, ನೈಲಾನ್ ಅಥವಾ ರಬ್ಬರ್ ಬೆಲ್ಟು ಇಲ್ಲಿನ ಹವೆಗೆ ಸರಿ. ಸಮುದ್ರದಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ಒಮ್ಮೆ ತೊಳೆದು ಒರೆಸಿದರೆ ಚೈನಿನ ಸಂದಿಯಲ್ಲಿ ಉಪ್ಪು ಕೂರದು.

ಯಾರು ಬಿಚ್ಚುತ್ತಾರೆ?

ಪೇಟೆಯ ಗಡಿಯಾರದಂಗಡಿಗಳಲ್ಲಿ ಇಂದು ನಡೆಯುವ ವ್ಯಾಪಾರ ಬಹುಪಾಲು ಸೆಲ್ ಮತ್ತು ಬೆಲ್ಟಿನದು. ಚಾವಿಯ ವಾಚನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮರಳಿ ಜೋಡಿಸಬಲ್ಲವರು ಹೆಚ್ಚಾಗಿ ಹಿರಿಯರು. ಆ ಕುರ್ಚಿಯಲ್ಲಿ ಮುಂದೆ ಕೂರುವವರು ಅಪರೂಪ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ದಿನವಿಡೀ ಕೂತರೆ ಬರುವ ಆದಾಯಕ್ಕಿಂತ ಮೊಬೈಲ್ ರಿಪೇರಿಯ ಆದಾಯ ಹೆಚ್ಚು. ಆದ್ದರಿಂದ ವಾಚು ಕೊಳ್ಳುವ ಮೊದಲು ರಿಪೇರಿಯವರನ್ನು ಗೊತ್ತುಮಾಡಿಕೊಳ್ಳಿ ಎಂಬ ಸಲಹೆ ತಮಾಷೆಯದ್ದಲ್ಲ. ಅವರ ಬಳಿ ಹೋಗಿ 'ಈ ಮಷಿನ್ ನೀವು ಬಿಚ್ಚುತ್ತೀರಾ, ಸಾಮಾನು ಸಿಗುತ್ತದೆಯೇ' ಎಂದು ಕೇಳಿ. 'ಬರೀ ಪೆಟ್ರೋಲಿನಲ್ಲಿ ಅದ್ದಿ ಕೊಡುತ್ತೇನೆ' ಎಂದರೆ ನಮಸ್ಕಾರ ಹೇಳಿ ಬನ್ನಿ. ಬಿಚ್ಚದೆ ತೊಳೆದರೆ ಕೊಳೆ ಸ್ಥಳ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಪೂರ್ಣ ಸರ್ವಿಸ್ ಬೇಕಾಗುತ್ತದೆ ಎಂಬ ಖರ್ಚನ್ನು ಬೆಲೆಯ ಜೊತೆಗೇ ಲೆಕ್ಕ ಹಾಕಬೇಕು.

ಈ ದೃಷ್ಟಿಯಿಂದ ನೋಡಿದರೆ ಆಯ್ಕೆ ತಾನೇ ಕಿರಿದಾಗುತ್ತದೆ. ಹೊಸ ವಾಚಿನಲ್ಲಿ ಸೀಕೊದ ಎನ್‌ಎಚ್35 ಅಥವಾ ಸಿಟಿಜನ್ ಸಮೂಹದ ಮಿಯೋಟಾ 8200 ಸರಣಿಯ ಮಷಿನ್ ಇದ್ದರೆ ನಿಶ್ಚಿಂತೆ. ಹಲವಾರು ಬ್ರಾಂಡುಗಳು ಇವನ್ನೇ ಬಳಸುವುದರಿಂದ ರಿಪೇರಿಯವರಿಗೆ ಪರಿಚಯವಿದೆ, ತೀರಾ ಕೆಟ್ಟರೆ ಇಡೀ ಮಷಿನನ್ನೇ ಬದಲಿಸಬಹುದು. ಟೈಟಾನ್ ಕೂಡ ಆಟೊಮ್ಯಾಟಿಕ್ ವಾಚು ಮಾರುತ್ತದೆ. ಅದರ ಮಳಿಗೆಗಳ ಜಾಲ ದೊಡ್ಡದಿರುವುದು ಕರಾವಳಿಯವರಿಗೆ ಅನುಕೂಲ. ಈಗ ಮಾರಾಟವಾಗುವ ಎಚ್‌ಎಂಟಿ ಕೊಳ್ಳುವವರು ಒಳಗಿರುವ ಮಷಿನ್ ಯಾವುದೆಂದು ಕೇಳಿ ತಿಳಿಯಲಿ. ಸ್ವಿಸ್ ವಾಚು ಕೊಳ್ಳುವ ಶಕ್ತಿಯಿರುವವರಿಗೆ ತಡೆಯಿಲ್ಲ. ಟಿಸ್ಸಾಟ್‌ನಂಥವುಗಳಲ್ಲಿ 80 ಗಂಟೆ ನಿಲ್ಲದೆ ಓಡುವ ಮಷಿನ್ ಇದೆ, ಸ್ವಿಸ್ ಕ್ರೋನೊಮೀಟರ್ ಪ್ರಮಾಣಪತ್ರವಿರುವವು ಪರೀಕ್ಷೆಯಲ್ಲಿ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಎಂಬ ಮಿತಿಯೊಳಗಿರಬೇಕು. ಆದರೆ ಅವು ಕೆಟ್ಟಾಗ ಕುಮಟಾದಲ್ಲಿ ಉತ್ತರ ಸಿಗುವುದು ಕಷ್ಟ; ದೂರದ ಊರಿನ ಅಧಿಕೃತ ಕೇಂದ್ರಕ್ಕೆ ಕಳಿಸಿ ಕಾಯಬೇಕು.

ಐದು ಸಾವಿರದೊಳಗೆ ಸಿಗುವ, ಹೆಸರೇ ಕೇಳದ, ಡಯಲಿನಲ್ಲಿ ಕಿಂಡಿ ಕೊರೆದು ಒಳಗಿನ ಚಕ್ರ ತೋರಿಸುವ ವಾಚುಗಳ ಬಗ್ಗೆ ಒಂದು ಮಾತು. ಚಕ್ರ ಕಾಣುತ್ತದೆ ನಿಜ. ಅದು ನಿಂತ ದಿನ ಅದಕ್ಕೆ ಬಿಡಿಭಾಗ ಮಾತ್ರ ಕಾಣುವುದಿಲ್ಲ.

ಕೊಂಡ ಮೇಲೆ

ಚಾವಿಯ ವಾಚಿಗೆ ದಿನವೂ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿ ಹಿಡಿದು ಚಾವಿ ಕೊಡಬೇಕು. ಕಟ್ಟಿಕೊಂಡೇ ತಿರುಗಿಸಿದರೆ ಚಾವಿಯ ಕಡ್ಡಿಯ ಮೇಲೆ ಓರೆ ಒತ್ತಡ ಬೀಳುತ್ತದೆ. ಬಿಗಿ ಹತ್ತಿದಾಗ ನಿಲ್ಲಿಸಿ. ತಾರೀಕಿರುವ ವಾಚಿನಲ್ಲಿ ರಾತ್ರಿ 9ರಿಂದ ನಸುಕಿನ 3ರವರೆಗೆ ಮುಳ್ಳಿರುವಾಗ ತಾರೀಕು ಬದಲಿಸಬೇಡಿ. ಆ ವೇಳೆ ಒಳಗಿನ ಹಲ್ಲುಗಳು ತಾರೀಕಿನ ಚಕ್ರವನ್ನು ಹಿಡಿದಿರುತ್ತವೆ, ಬಲವಂತ ಮಾಡಿದರೆ ಮುರಿಯುತ್ತವೆ. ಸರಿಯಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಗಾಬರಿ ಬೇಡ. ಸ್ಪೀಕರ್ ಅಥವಾ ಮೊಬೈಲ್ ಕವರಿನ ಅಯಸ್ಕಾಂತ ತಗಲಿರುವ ಸಂಭವವೇ ಹೆಚ್ಚು. ರಿಪೇರಿಯವರ ಬಳಿಯಿರುವ ಪುಟ್ಟ ಉಪಕರಣದಿಂದ ಅದು ನಿಮಿಷದಲ್ಲಿ ಸರಿಯಾಗುತ್ತದೆ.

ಗಾಜಿನ ಒಳಗೆ ಮಂಜು ಕಟ್ಟಿದಂತೆ ಕಂಡರೆ ಮಾತ್ರ ಒಂದು ದಿನವೂ ತಡ ಮಾಡಬಾರದು. ಅಕ್ಕಿಯಲ್ಲಿ ಹೂತಿಡುವುದು, ಬಿಸಿಲಿಗೆ ಇಡುವುದು ವ್ಯರ್ಥ; ತೇವ ಒಳಗೇ ತಿರುಗಿ ಉಕ್ಕನ್ನು ಹಿಡಿಯುತ್ತದೆ. ಒಳಹೋದದ್ದು ಸಮುದ್ರದ ನೀರಾದರೆ ಕೆಲವೇ ದಿನಗಳಲ್ಲಿ ತುಕ್ಕು ಕೂರುತ್ತದೆ. ಅಂದೇ ರಿಪೇರಿಯವರಲ್ಲಿಗೆ ಒಯ್ದು ಮುಚ್ಚಳ ತೆಗೆಸಿ, ಒಳಹೋದದ್ದು ಉಪ್ಪುನೀರೆಂದು ಮರೆಯದೆ ಹೇಳಿ.